ಕೇಳಾಕ ಬಂದಾಕಿ

ಶನಿವಾರ ಮುಂಜಾನೆ ಸಾಲಿಗೆ ಬಾ ಅಂತ
ಹಡಪದ ಅಕ್ಕೋರು ದ್ರಾಕ್ಷಿ ಶೆಡ್ಡಿನತನಕ ಬಂದು ಕರದ್ರು.
ಸೀರಿತುಂಬ ಗಂಧಕದ ವಾಸನಿ, ಬೆರಳತುಂಬ ಅಂಟು.
“ನನಗ ಅಕ್ಷರ ಬರೂದಿಲ್ರಿ” ಅಂದೆ.
“ಅಂಥಾಕೀನ ಬೇಕು” ಅಂದ್ರು.
ಚಾಷ್ಟಿ ಅನಕೊಂಡು ನಕ್ಕೆ.

ತಿಕೋಟದ ನಮ್ಮ ಓಣಿ ಸಾಲಿಗೆ
ಏನೇನೋ ಕೊಟ್ಟಾರ ಮಂದಿ.
ಗೌಂಡಿ ಮಲಕಪ್ಪ ಕೈ ತೊಳಿಯೂ ಕಟ್ಟಿ ಕಟ್ಟಿಕೊಟ್ಟ.
ಯಾರೋ ಫ್ಯಾನ್ ಕೊಟ್ಟು
ರೆಕ್ಕಿಮ್ಯಾಲ ತಮ್ಮಪ್ಪನ ಹೆಸರು ಬರಸ್ಯಾರ,
ಅದು ತಿರಗೂ ಮುಂದ
ಕಲ್ತವರಿಗೂ ಓದಾಕ ಬರೂದಿಲ್ಲ.
ನನ್ನ ಹಂತ್ಯಾಕ ಏನೈತಿ? ಎರಡು ಕಿವಿ.

ಬೇವಿನ ಗಿಡದ ಬುಡಕ ಚೀಲ ಹಾಸಿ ಕುಂತೆ.
ಒಬ್ಬೊಬ್ಬರ ಬಂದು ಓದೂದು, ನಾ ಕೇಳೂದು,
ಅಷ್ಟ ಕೆಲಸ.
ಚಲೋ ಓದಾವ್ರು ನಾಕು ಮಂದಿ
ನನ್ನ ಮಾರಿ ಸೈತ ನೋಡದ
ಮೋಟಾರು ಓಡಿಸಿದಂಗ ಓಡಿಸಿಕೊಂಡು ಹೋದ್ರು.

ಆಮ್ಯಾಲ ಹಾಜಿಲಾಲ, ಮೂರನೇ ಯತ್ತೇದವ.
ಹೊಳಿ ದಾಟೂ ಆನಿ ಕಥಿ.
ಎಷ್ಟ ಚಂದ ಓದಿದ ಅಂದ್ರ
“ಇನ್ನೊಮ್ಮೆ ಓದಪಾ” ಅಂದೆ.
ಎರಡನೇ ಸಲ ಆನಿ ನಡುನೀರಾಗ ಉಳೀತು.
ಮೂರನೇ ಸಲ
ಆನಿ ಬೆನ್ನಮ್ಯಾಲ ಅವರಜ್ಜ ಕುಂತಿದ್ದ.

ಬೆರಳು ನೋಡಿದೆ.
ಮೂರೂ ಸಲ ಒಂದ ಜಾಗಾದಾಗ,
ಚಿತ್ರದ ಸೊಂಡಿಲಮ್ಯಾಲ.
ಹದಿನೆಂಟು ವರ್ಷ ಬ್ಯಾಂಕಿನ ಚೀಟಿ, ರೇಷನ್ ಕಾರ್ಡು
ನಾನೂ ಹಿಂಗ ಹಿಡದೀನಿ,
ಮಂದಿ ಮುಂದ ತುಟಿ ಅಲುಗಿಸಿ.
ಹುಡುಗ ನನ್ನ ನೋಡಿದ. ನಾ ಹುಡುಗನ್ನ ನೋಡಿದೆ.
ಕಳ್ಳನ ಗುರ್ತು ಕಳ್ಳಗ ಬಿಟ್ರ
ಇನ್ನ ಯಾರಿಗೆ ಹತ್ತೀತು?

ಅಕ್ಕೋರನ್ನ ಕರೀಲಿಲ್ಲ.
“ಶೆಡ್ಡಿನಾಗ ದ್ರಾಕ್ಷಿ ಹೆಂಗ ಆರಸ್ತೇವಿ ಗೊತ್ತೈತೇನ?
ಒಂದೊಂದನ್ನ ಬೆರಳು ಮುಟ್ಟಿ ಹೋಗಬೇಕು.
ಕರೇದು ಆ ಕಡಿ, ಹಸರು ಈ ಕಡಿ, ಕಡ್ಡಿ ತಳಗ.
ಮುಟ್ಟದ ಬಿಟ್ಟದ್ದು ಹಂಗ ಡಬ್ಬಿಗೆ ಹೊಕ್ಕತೈತಿ,
ತಿನ್ನಾವ್ರ ಹಲ್ಲಿಗೆ ಸಿಗತೈತಿ.”
ಅವನ ಬೆರಳು ಹಿಡಿದು
ಮೊದಲನೇ ಅಕ್ಷರದಮ್ಯಾಲ ಇಟ್ಟೆ.
ಅದು ಯಾವುದು, ನನಗೇನ ಗೊತ್ತು.
“ಇದೇನು?”
ಭಾಳ ಹೊತ್ತು ಸುಮ್ಮನಿದ್ದ.
ಗಿಡದಾಗಿನ ಕಾಗಿ ಎರಡು ಸಲ ಹಾರಿ ಹೋಗಿ ಬಂತು.
“ಆ.”
“ಮುಂದಿಂದು?”
“ನೆ.”
“ಆನೆ ಅಂದ್ರ?”
“ನಮ್ಮ ಆನೀನ ಆಯಿ,
ಪುಸ್ತಕದಾಗ ಹಂಗ ಕರೀತಾರ.”

ಗಂಟಿ ಹೊಡದಾಗ
ಒಂದೂವರಿ ಸಾಲು ಆಗಿತ್ತು.
ಅಕ್ಕೋರು ವಹಿ ತಂದು ಹೆಬ್ಬೆಟ್ಟು ಒತ್ತಿಸಿಕೊಂಡ್ರು,
“ಹೆಂಗ ಓದಿದ್ರು?” ಅಂತ ಕೇಳಿದ್ರು.
“ಹಾಜಿಲಾಲ ಎಲ್ಲಾರಕಿಂತ ಸಾವಕಾಶ ಓದಿದ” ಅಂದೆ.
ಅವನೂ ಕೇಳಿಸಿಕೊಂಡ.

ಅರ್ಧ ದಿನದ ಪಗಾರ ಮುರಕೊಂಡ ಮಾಲಕ.
ಮುರಕೊಳ್ಳಲಿ.
ಬರೂ ಶನಿವಾರ ಹೋಗೂದೈತಿ ನನಗ,
ಆನೆ ಇನ್ನೂ ದಂಡಿಮ್ಯಾಲ ನಿಂತೈತಿ.