ಎರಡನೇ ಪಂಚನಾಮೆ

ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು
ಹಳಿಗೆ ಒತ್ತಿ ಹಿಡಿ ಅಂದರು ರೈಟರ್ ಚೌಡಪ್ಪ.
ಪಂಕ್ಚರ್ ಅಂಗಡಿಯವನು ನಾನು, ಕರೆದರೆ ಸಿಗುವವನು;
ಗೇಟು ಅಂತ ಬಾಯಿಮಾತಿಗೆ, ಕಂಬವಿಲ್ಲ, ಕಾವಲಿಲ್ಲ,
ಶಿಡ್ಲಘಟ್ಟ ಸ್ಟೇಷನ್ನಿನಿಂದ ಅರ್ಧ ಮೈಲಿ.

ಹಳಿಯಿಂದ ಗಾಡಿ ಬಿದ್ದಲ್ಲಿಗೆ ಹನ್ನೊಂದು ಮೀಟರ್.
ಬರೆದುಕೊಂಡರು.
ಹೋದ ಸಲ ಟೇಪು ಸಾಲದೆ ಹೆಜ್ಜೆಯಲ್ಲಿ ಅಳೆದಿದ್ದೆವು,
ಇನ್ನೂರ ಹದಿನಾರು.
ಅದನ್ನು ಅವರು ಕೇಳಲಿಲ್ಲ. ಕಾಲಿಗೆ ನೆನಪಿದೆ.

ಆಗಿನದು ನಿಲ್ಲದ ಗೂಡ್ಸು, ಖಾಲಿ, ಓಟದಲ್ಲಿತ್ತು,
ಟೆಂಪೋದ ನಡುಹೊಟ್ಟೆಗೆ ಬಡಿಯಿತು,
ಒಳಗೆ ನಾಮಕರಣಕ್ಕೆ ಹೊರಟ ಒಂಬತ್ತು ಜನ.
ಇವತ್ತಿನದು ಸ್ಟೇಷನ್ ಬಿಟ್ಟು ಇನ್ನೂ ಮೈಮುರಿಯುತ್ತಿತ್ತು,
ಹಿಂದಿನ ಚಕ್ರಕ್ಕೆ ತಾಗಿ ಬುಗುರಿಯಂತೆ ತಿರುಗಿಸಿ ಎಸೆಯಿತು:
ಅಮ್ಜದ್ ಒಬ್ಬ, ಬೆನ್ನಿಗೆ ನಾಲ್ಕು ಕ್ವಿಂಟಲ್ ರೇಷ್ಮೆಗೂಡು.

ಜಲ್ಲಿಯ ತುಂಬ ಗೂಡು.
ತುಳಿಯದೆ ಕಾಲಿಡಲು ಜಾಗವಿಲ್ಲ.
ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ,
ಒಳಗೆ ಹುಳ ಲೊಟಕ್ ಅಂತು.

ಬೆಳಕು? ಇತ್ತು.
ಮಳೆ? ಇಲ್ಲ.
ರಸ್ತೆ ಹಳಿಗೆ ನೇರವೋ ಓರೆಯೋ? ಓರೆ.
ಬೆಲ್ಟು ಹಾಕಿದ್ದನೋ? ಹಾಕಿದ್ದ ಸ್ವಾಮಿ,
ಬಾಗಿಲ ಚಿಲಕ ಕೂರುತ್ತಿರಲಿಲ್ಲ, ತಿರುವಿನಲ್ಲಿ ಬೀಳಬಾರದೆಂದು.
ಹಾರನ್ ಕೇಳಿಸಿತ್ತೋ? ಕೇಳಿಸಿತ್ತು, ಕೊನೇ ಗಳಿಗೆಯಲ್ಲಿ ಒತ್ತಿ ತುಳಿದನಂತೆ,
ಟೇಪ್‌ರೆಕಾರ್ಡರು ಕೆಟ್ಟು ರಿಪೇರಿಗೆ ಹೋಗಿತ್ತಲ್ಲ.
ಚೌಡಪ್ಪ ಪೆನ್ನು ಎತ್ತಿದರು:
ಕೆಟ್ಟ ಚಿಲಕ, ಕೆಟ್ಟ ಟೇಪು, ಇದಕ್ಕೆಲ್ಲ ಕಾಲಂ ಎಲ್ಲಿದೆ ಮಾರಾಯ?

ಆಂಬುಲೆನ್ಸಿಗೆ ಎತ್ತುವಾಗ ಅಮ್ಜದ್ ಕಣ್ಣುಬಿಟ್ಟು
ಮಾರ್ಕೆಟ್ಟಲ್ಲಿ ಇವತ್ತು ಕೇಜಿಗೆ ಎಷ್ಟು ಹೋಯ್ತು ಅಂದ.
ಕಾಲು ಎರಡು ಕಡೆ ಮುರಿದಿತ್ತು.
ಯಾರೋ ನಕ್ಕರು, ನಾನೂ.

ಬೇರೆ ಏನಾದರೂ ಉಂಟಾ?
ತಿರುವಿನಲ್ಲಿ ಸೀಮೆಜಾಲಿ ಆಳೆತ್ತರ ನಿಂತಿತ್ತು.
ಒಂಬತ್ತು ಜನರ ಆಮೇಲೆ ಅದನ್ನು ಕಡಿಯುತ್ತಿದ್ದವನು ನಾನೇ,
ತಿಂಗಳಿಗೊಮ್ಮೆ, ಯಾರೂ ಹೇಳದೆ.
ಈ ಎರಡು ತಿಂಗಳು ಸೊಂಟ ಹಿಡಿದಿತ್ತು.
ಹಿಡಿದಿತ್ತೋ, ಬೇಸರ ಬಂದಿತ್ತೋ.

ಏನಿಲ್ಲ ಅಂದೆ. ಸಹಿ ಹಾಕಿದೆ.
ಗೂಡೊಂದು ಕಿಸೆಯಲ್ಲೇ ಉಳಿದಿತ್ತು, ನಡೆದಂತೆ ಲೊಟಕ್, ಲೊಟಕ್.
ಮಚ್ಚು ಎಲ್ಲಿಟ್ಟಿದ್ದೇನೆ ಅಂತ
ಅಂಗಡಿ ತಲುಪುವವರೆಗೂ ನೆನಪಾಗಲಿಲ್ಲ.