ಉಣ್ಣೆಯ ಅಳತೆ

ತೆಲಾವಿಯ ಇಳಿಜಾರು ಬೀದಿಯಲ್ಲಿ ನನ್ನದೊಂದು ಅಂಗಡಿ.
ಮೊಳೆ, ಬಣ್ಣ, ಕೀಲು, ದ್ರಾಕ್ಷಿ ಚಪ್ಪರಕ್ಕೆ ತಂತಿ,
ಏಪ್ರಿಲ್ ಬಂತೆಂದರೆ ಪೈಪು.

ಪೈಪಿಗೆ ಬಂದವರು ಮೊದಲು ಬಣ್ಣ ನೋಡುತ್ತಾರೆ:
ಹಳದಿ ಬೇಡ, ಕಪ್ಪು ಹಾವಿನ ಹಾಗಿದೆ, ಹಸಿರೇ ಇರಲಿ.
ಆಮೇಲೆ ಬೆಲೆ.
ದುಡ್ಡು ಕೊಟ್ಟು, ಬಾಗಿಲ ತನಕ ಹೋಗಿ, ತಿರುಗಿ ನಿಂತು,
ಅಲ್ಲಾ, ನಮಗೆ ಎಷ್ಟುದ್ದ ಬೇಕಾದೀತು? ಎಂದು
ನನ್ನನ್ನೇ ಕೇಳುತ್ತಾರೆ,
ಅವರ ಹಿತ್ತಿಲಲ್ಲೇ ನಾನು ಹುಟ್ಟಿ ಬೆಳೆದವನ ಹಾಗೆ.

ಲಮಾರಾ ಹಾಗಲ್ಲ.
ಚೀಲದಿಂದ ಒಂದು ಉಣ್ಣೆಯುಂಡೆ ತೆಗೆದು ಮೇಜಿನ ಮೇಲಿಟ್ಟಳು.
ಕಂದು, ಕೈಯಲ್ಲಿ ನೂತದ್ದು,
ಹೆಣಿಗೆ ಬಿಚ್ಚಿದ ಎಳೆಯೆಲ್ಲ ಸುಕ್ಕು ಸುಕ್ಕು.
"ನಲ್ಲಿಯಿಂದ ಶುರು," ಅಂದಳು.
"ಈ ಗಂಟು ಬಾವಿಕಟ್ಟೆಯ ಮೂಲೆ.
ಇದು ನಾಯಿಯ ಸರಪಳಿಗೆ ಎಟುಕದ ಜಾಗ.
ಕೊನೆಯದು ದಾಳಿಂಬೆಯ ಬುಡ."

ಅವಳ ಹಿತ್ತಿಲು ಅಂಗಡಿಯಲ್ಲಿ ಹಿಡಿಯಲಿಲ್ಲ.
ಬೀದಿಗಿಳಿದೆವು. ತುದಿ ಹಿಡಿದು ನಾನು
ಹೊಸ್ತಿಲಲ್ಲಿ ನಲ್ಲಿಯಾಗಿ ನಿಂತೆ.
ಔಷಧಿಯಂಗಡಿ ಬಾವಿಕಟ್ಟೆಯಾಯಿತು,
ನಿಂತಿದ್ದ ಟ್ಯಾಕ್ಸಿ ನಾಯಿಯಾಯಿತು,
ದಾಳಿಂಬೆ ಹೋಗಿ ರೊಟ್ಟಿಯ ಒಲೆಯ ಬಾಗಿಲಲ್ಲಿ ನಿಂತಿತು.
ಲಾರಿಯೊಂದು ಹಾರನ್ ಹೊಡೆದಾಗ
"ತಡಿ, ನೀರು ಹೋಗ್ತಾ ಇದೆ!" ಎಂದು ಕೂಗಿದಳು.

ಮೂವತ್ತಾರು ಮೀಟರು, ಚಿಲ್ಲರೆ.
"ಉಣ್ಣೆ ಹಿಗ್ಗುತ್ತದಮ್ಮ, ಅದರ ಅಳತೆ ನಂಬಬಾರದು."
"ಹಿಗ್ಗಲಿ. ಕುಗ್ಗಿ ಸುಳ್ಳು ಹೇಳುವುದಕ್ಕಿಂತ ವಾಸಿ."
ಸುರುಳಿಗಳೋ ಇಪ್ಪತ್ತೈದು, ಇಲ್ಲವೇ ಐವತ್ತು.
"ಇಪ್ಪತ್ತೈದಕ್ಕೆ ಗಿಡ ಸಾಯುತ್ತದೆ,
ಐವತ್ತಕ್ಕೆ ನಾನು," ಅಂದಳು, ಬೆಲೆಚೀಟಿ ಓದುತ್ತ.

ಮೊದಲನೆಯದನ್ನು ಮಡಿಚಿ ಬಿಟ್ಟಳು.
ಮಡಿಕೆ ಹಾಗೇ ಉಳಿಯಿತು, ಬಿಳಿಯ ಗೆರೆಯಾಗಿ.
"ಇದು ಮುನಿಸು ಮರೆಯದ ಜಾತಿ."
ಎರಡನೆಯದನ್ನು ಎಳೆಯಲು ಎತ್ತು ಬೇಕು.
ಮೂರನೆಯದರ ಮೇಲೆ ಹಿಮ್ಮಡಿಯೂರಿ ನಿಂತಳು,
ಇಳಿದಳು. ಅದು ಉಸಿರೆಳೆದುಕೊಂಡು ಮತ್ತೆ ದುಂಡಗಾಯಿತು.
ಬೆಳಕು ನುಗ್ಗಿ ಪಾಚಿ ಕಟ್ಟದಂತೆ ಒಳಗೆಲ್ಲ ಕಪ್ಪು,
ಬಾಯಿಗೆ ಹಿತ್ತಾಳೆ;
ಪದರ ಪದರದ ನಡುವೆ ಬಲೆಯಂಥ ನೂಲು.
ಕತ್ತರಿಸಿದ ಅಂಚಿಗೆ ಕನ್ನಡಕ ತಂದು
ಬಹಳ ಹೊತ್ತು ನೋಡಿದಳು.
"ಹೆಣೆದಿದ್ದಾರೆ," ಅಂದಳು ಮೆಲ್ಲಗೆ,
ತನ್ನ ಕಸುಬಿನವರನ್ನು ಪರವೂರಲ್ಲಿ ಕಂಡಂತೆ.

ನಲವತ್ತು ಕತ್ತರಿಸಿದೆ. ನಾಲ್ಕು ಹೆಚ್ಚೇಕೆಂದಳು.
ನೀರು ತುಂಬಿದ ಪೈಪು ದಾರದ ಹಾಗೆ ನೆಟ್ಟಗೆ ಮಲಗುವುದಿಲ್ಲ,
ಹೊಟ್ಟೆ ತುಂಬಿದ ಮಗು, ಹೊರಳುತ್ತದೆ.
ಉಳಿದ ಹತ್ತು ಮೀಟರು ಇವತ್ತಿಗೂ ನನ್ನ ಗೂಟದಲ್ಲೇ ಇದೆ.
ಯಾರಿಗೂ ಬೇಡ. ಹತ್ತು ಮೀಟರಿನ ಹಿತ್ತಿಲು ಯಾರಿಗಿದೆ?

ಉಣ್ಣೆ ಸುತ್ತಿಕೊಳ್ಳುವಾಗ ಕೇಳಿದೆ:
"ಯಾರ ಸ್ವೆಟರು ಬಿಚ್ಚಿದಿರಿ?"
"ಒಂದು ತೋಳಲ್ಲಿ ಒಂದು ಗೇಣು, ಅಷ್ಟೇ.
ಬೇಸಿಗೆಯಲ್ಲಿ ಅವನಿಗೇನು ಗೊತ್ತಾಗುತ್ತೆ?"

ನವೆಂಬರಿನಲ್ಲಿ ಬಂದವರು ಒಬ್ಬ ಅಜ್ಜ, ವಾಝಾ.
ಆಲಜಾನಿ ಕಣಿವೆ ತುಂಬ ಮಂಜು.
ಚಳಿಗೆ ಪೈಪನ್ನು ಏನು ಮಾಡಬೇಕೋ ಕೇಳಿ ಬಾ ಎಂದು
ಲಮಾರಾ ಕಳಿಸಿದ್ದಳಂತೆ.
ನೀರು ಪೂರ್ತಿ ಬಸಿಯಿರಿ, ಅಂದೆ, ಸಡಿಲವಾಗಿ ಸುತ್ತಿ,
ಮೊಳೆಗೆ ತೂಗಬೇಡಿ, ಅಗಲ ಗೂಟಕ್ಕೆ.
ಅವರು ತಲೆಯಾಡಿಸುತ್ತ ಮೇಜಿಗೆ ಕೈಯೂರಿದರು.
ಎಡತೋಳಿನ ಕೊನೆಯ ಗೇಣು ಬಿಗಿ ಹೆಣಿಗೆ, ಹೊಸದು.
ಮಣಿಕಟ್ಟಿನ ಬಳಿ ಒಂದು ಗಂಟು, ಮೇಲೆ ಇನ್ನೊಂದು:
ಬಾವಿಕಟ್ಟೆಯೋ, ನಾಯಿಯೋ.

"ದಾಳಿಂಬೆ ಹೇಗಿದೆ?" ಅಂದೆ.
ನನ್ನ ಹಿತ್ತಿಲು ನಿನಗೆ ಹೇಗೆ ಗೊತ್ತು ಎಂಬಂತೆ ನೋಡಿದರು.
"ಎರಡು ಬಿಟ್ಟಿತ್ತು," ಅಂದರು, ತೋಳು ಕೆಳಗೆಳೆದುಕೊಳ್ಳುತ್ತ,
"ಒಂದು ಹಕ್ಕಿ ತಿಂತು."