ಕೋಳಿಗೆ, ಹಸುವಿಗೆ

ಶಟರ್ ಅರ್ಧ ಎತ್ತಿದ್ದೆ ಅಷ್ಟೆ,
ಮೂಗಿಗೆ ಬಟ್ಟೆ ಇನ್ನೂ ಕಟ್ಟಿರಲಿಲ್ಲ.
ಟ್ಯಾಬು ಹಿಡಿದ ಹುಡುಗಿ ಮೂಟೆಗಳ ನಡುವೆ ನಿಂತು ಕೇಳಿದಳು:
ಈ ತೌಡನ್ನ ಮನುಷ್ಯರು ಎಷ್ಟು ತಿಂತಾರೆ ಅಂಕಲ್,
ಒಂದು ತಲೆಗೆ, ವರ್ಷಕ್ಕೆ, ಕೆಜಿ ಲೆಕ್ಕದಲ್ಲಿ?

ಚಿಂತಾಮಣಿಯಲ್ಲಿ ಇಪ್ಪತ್ತಾರು ವರ್ಷ ತೌಡು ಮಾರಿದ್ದೇನೆ.
ಬಟ್ಲಹಳ್ಳಿ ಕಡೆಯವರು ತವುಡು ಅನ್ನುತ್ತಾರೆ, ಕೈವಾರದವರು ತೌಡು;
ತಕ್ಕಡಿಗೆ ಎರಡೂ ಒಂದೇ.
ಕರೆಯುವ ಹಸುವಿಗೆ ಎಷ್ಟು, ಗಬ್ಬದ್ದಕ್ಕೆ ಎಷ್ಟು,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ಮನುಷ್ಯರದ್ದು ಈವರೆಗೆ ಯಾರೂ ಕೇಳಿರಲಿಲ್ಲ.

ರುಹೀನಾ ಅಂತ ಹೆಸರು. ಕಾಲೇಜಿನ ಪ್ರಾಜೆಕ್ಟಂತೆ.
ಗಾಜಿನ ಮೇಲೆ ಗೆರೆಗಳನ್ನು ತೋರಿಸಿದಳು,
ದೇಶಕ್ಕೊಂದು ಬಣ್ಣ, ಎಡದಿಂದ ಬಲಕ್ಕೆ ವರ್ಷಗಳು.
ನೀಲಿಯದು ಹಿಂದೆ ಎತ್ತರದಲ್ಲಿದ್ದು ಜಾರಿಕೊಂಡು ಬಂದಿತ್ತು,
ಹಸಿರು ಈಚೆಗೆ ತಲೆ ಎತ್ತುತ್ತಿತ್ತು.
ನಮ್ಮದು ಯಾವುದಮ್ಮಾ ಅಂದೆ.
ನಮ್ಮ ತಾಲ್ಲೂಕಿನದು ಇನ್ನೂ ಎಳೆದಿಲ್ಲ, ಅದಕ್ಕೇ ನಿಮ್ಮತ್ರ ಬಂದೆ.

ಸೊನ್ನೆ ಬರಕೋ ಅಂದೆ.
ಬರೆದುಕೊಂಡಳು. ಥ್ಯಾಂಕ್ಸ್ ಅಂದಳು. ಮೆಟ್ಟಿಲು ಇಳಿದಳು.

ಇಳಿದ ಮೇಲೆ ನೆನಪಾದದ್ದು ಲಲಿತಾಂಬ ಟೀಚರು.
ತಿಂಗಳಿಗೆ ಎರಡು ಕೆಜಿ ಗೋಧಿ ಬೂಸಾ,
"ಹಸುವಿಗೆ" ಅನ್ನುತ್ತಾರೆ, ನನ್ನ ಮುಖ ನೋಡದೆ.
ಅವರಿರುವುದು ಎರಡನೇ ಮಹಡಿಯಲ್ಲಿ.
ಯಾವ ಹಸು ಆ ಮೆಟ್ಟಿಲು ಹತ್ತೀತು?
ಸಕ್ಕರೆ ಕಾಯಿಲೆ; ಚಪಾತಿಗೆ ಕಲಸುತ್ತಾರೆ, ನನಗೆ ಗೊತ್ತು.
ಹಾಗಾಗಿ ಮೇಲಿನ ಮೂಟೆ ಬಿಟ್ಟು ಒಳಗಿನದನ್ನು ಬಿಚ್ಚಿ
ಜರಡಿ ಹಿಡಿದು ಕೊಡುತ್ತೇನೆ.
ಹಸುವಿಗೇಕೆ ಜರಡಿ ಎಂದು ಅವರೂ ಕೇಳಿಲ್ಲ.

ಆಮೇಲೆ, ಕೂಗಿ ಕರೆಯುವಷ್ಟರಲ್ಲಿ, ನಾರೆಮ್ಮ.
ನಮ್ಮಪ್ಪನ ತಾಯಿ. ಕಂಡವರ ಮನೆಯ ಭತ್ತ ಕುಟ್ಟುತ್ತಿದ್ದವಳು.
ಸಂಜೆ ಸೆರಗಿನಲ್ಲಿ ತೌಡು ಕಟ್ಟಿಕೊಂಡು ಬರುತ್ತಿದ್ದಳಂತೆ,
"ಕೋಳಿಗೆ" ಅಂತ ಕೇಳಿ.
ನಮ್ಮ ಮನೆಯಲ್ಲಿ ಕೋಳಿ ಇರಲಿಲ್ಲ.
ಅಪ್ಪ ಇದ್ದ, ಇಬ್ಬರು ಅತ್ತೆಯರಿದ್ದರು.
ಮಾತು ಬೆಳೆಸಿದರೆ ತೌಡು ಕುಟ್ಟಬೇಡ ಎಂದು ಬೈಯುತ್ತಾರಲ್ಲ ಜನ,
ಅವಳು ನಿಜವಾಗಿ ಕುಟ್ಟಿದವಳು, ಮತ್ತೊಮ್ಮೆ ಕೇರಿದವಳು,
ಬೆರಳತುದಿಯಷ್ಟು ನುಚ್ಚು ಉಳಿದಿರಬಹುದೆಂದು.

ರುಹೀನಾ ವಾಪಸು ಬಂದಳು. ಪೂರಾ ಕೇಳಿದಳು.
ಯಾವ ವರ್ಷ ಅಂಕಲ್? ಎಷ್ಟು ಕೆಜಿ?
ಅದು ಸೆರಗಿನ ಲೆಕ್ಕ ಕಣಮ್ಮಾ,
ಆ ಸೆರಗಿಗೆ ಕೆಜಿ ಇನ್ನೂ ಬಂದಿರಲಿಲ್ಲ.

ಹೊಟ್ಟೆ ತುಂಬಲೆಂದು ಒಬ್ಬಳು ತಿಂದಳು,
ಹೊಟ್ಟೆ ಕರಗಲೆಂದು ಒಬ್ಬರು.
ಇಬ್ಬರನ್ನೂ ಕೂಡಿಸಿ ಒಂದು ಚುಕ್ಕೆ ಇಡಬೇಕಂತೆ.
ಹಾಗಾದರೆ ಆ ನೀಲಿ ಗೆರೆ ಎತ್ತರವಿದ್ದ ಕಾಲಕ್ಕೆ
ಅಲ್ಲಿ ಯಾರ ಯಾರ ಮನೆಯಲ್ಲಿ ಕೋಳಿ ಇರಲಿಲ್ಲ?
ಹಸಿರು ಏರುತ್ತಿರುವುದು
ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟೋ?
ಕೇಳಿದೆ. ಅವಳು ಗಾಜಿನ ಮೇಲೆ ಕೂತ ತೌಡಿನ ದೂಳನ್ನು
ವೇಲಿನಿಂದ ಒರೆಸಿದಳು. ಸೊನ್ನೆ ಹಾಗೇ ಇತ್ತು,
ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಸೇರಿಸಿದಳು.
ಮೇಡಂ ಒಪ್ಪಲ್ಲ, ಅಂತಲೂ ಅಂದಳು.

ಗೌನಿಪಲ್ಲಿಯ ಲಗೇಜ್ ಆಟೋ ಬಂದು ಹಾರನ್ ಒತ್ತಿತು.
ನಾಲ್ಕು ಮೂಟೆ. ಹೊತ್ತು ಹಾಕಿದೆ, ಚೀಟಿ ಬರೆದೆ.

ಅಂಗಡಿ ಖಾಲಿಯಾದ ಮೇಲೆ ಒಂದು ಚಿಟಿಕೆ ಬಾಯಿಗಿಟ್ಟೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.
ತುಸು ಸಿಹಿ. ಆಮೇಲೆ ಗಂಟಲಿಗೆ ಅಂಟಿ ಕೆಳಗಿಳಿಯಲೊಲ್ಲದು.
ಎದುರಿನ ಟೀ ಅಂಗಡಿಯವನು, ಏನ್ ಸಾರ್ ತಿಂತಿದೀರಾ ಅಂದ.
ಏನಿಲ್ಲಪ್ಪಾ, ನೋಡ್ತಿದ್ದೆ,
ಹಸುವಿಗೆ.